ತಾತನ ಹೆಸರಿನ ಎರಡು ಕಂಪ್ಯೂಟರುಗಳು

ನಾನು ಮುಂಗೋಪಿ ಎಂದು ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಒಂದು ಅಪಪ್ರಚಾರವಿದೆ. ಇದು ಶುದ್ಧ ಸುಳ್ಳು. ಕಾರಣವಿಲ್ಲದೆ ನಾನು ಯಾವತ್ತೂ ರೇಗಿದವನಲ್ಲ. ಕಾರಣಗಳೇ ನನ್ನನ್ನು ಹುಡುಕಿಕೊಂಡು ಬರುತ್ತವೆ, ನಾನೇನು ಮಾಡಲಿ? ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದಾಗ, ಒಂದು ಶನಿವಾರ, ಅವೆಲ್ಲ ಒಟ್ಟಿಗೆ ಬಂದವು.

ಮದುವೆಗಾಗಿ ಓದು ಬಿಟ್ಟಿದ್ದ ನನ್ನ ಹೆಂಡತಿ ವತ್ಸಲಾ, ಹದಿನೇಳು ವರ್ಷಗಳ ಮೇಲೆ ಅಂಚೆ ಮೂಲಕ ಎಂ.ಎ. ಓದುತ್ತಿದ್ದಳು. ಕೊನೆಯ ವರ್ಷಕ್ಕೆ ಒಂದು ಪ್ರಬಂಧ ಒಪ್ಪಿಸಬೇಕಿತ್ತು. ಅದಕ್ಕಾಗಿ ಎರಡು ವರ್ಷ ಮಲ್ಲಿಪಟ್ಟಣ, ಹರದನಹಳ್ಳಿ ಎಂದು ಬಸ್ಸು ಹತ್ತಿ ಇಳಿದು, ಹೊಸಲಿನ ಮುಂದೆ ಹೆಂಗಸರು ಹಾಕುವ ರಂಗೋಲಿಗಳ ಫೋಟೋ ತೆಗೆದು, ಅಜ್ಜಿಯಂದಿರನ್ನು ಮಾತಾಡಿಸಿ, ಎಲ್ಲವನ್ನೂ ನಮ್ಮ ಕಂಪ್ಯೂಟರಿಗೆ ತಾನೇ ಟೈಪ್ ಮಾಡಿದ್ದಳು. ಆ ಶನಿವಾರ ಸಂಜೆ ಐದರೊಳಗೆ ಹಾಸನದ ಕೇಂದ್ರಕ್ಕೆ ತಲುಪಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು. ವತ್ಸಲಾ ನನ್ನ ಹಾಗೆ ಕೂಗಾಡುವವಳಲ್ಲ. ಆದರೆ ಆ ವಾರವಿಡೀ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ದಳು. ನನಗೆ ಅರ್ಥವಾಗಿತ್ತು.

ಪ್ರಬಂಧವಿದ್ದದ್ದು ನಮ್ಮ ಕಂಪ್ಯೂಟರಿನಲ್ಲಿ. ಬಣ್ಣದ ಪ್ರಿಂಟರ್ ಇದ್ದದ್ದು ಗೋಡೆಯಾಚೆ, ಚಿಕ್ಕಪ್ಪನ ಮನೆಯಲ್ಲಿ. ಒಂದೇ ಹಳೆಯ ಮನೆ, ಪಾಲಾದಾಗ ನಡುವೆ ಗೋಡೆ ಎದ್ದಿತ್ತು. ಚಿಕ್ಕಪ್ಪನ ಮಗ ವಿಮಾ ಏಜೆಂಟ್, ಅವನ ವ್ಯವಹಾರಕ್ಕೆಂದು ಪ್ರಿಂಟರ್ ತಂದಿದ್ದ. ಫೋಟೋಗಳು ತುಂಬಿದ್ದರಿಂದ ಪ್ರಬಂಧ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿರಲಿಲ್ಲ.

"ಪ್ರಿಂಟರನ್ನೇ ಒಂದು ಗಂಟೆ ಈ ಕಡೆಗೆ ತಂದ್ರಾಗಲ್ವ?" ಎಂದು ವತ್ಸಲಾ ಹಿಂದಿನ ವಾರವೇ ಕೇಳಿದ್ದಳು.

ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸುವ, ಇಲಾಖೆಯ ಹತ್ತು ದಿನಗಳ ಕಂಪ್ಯೂಟರ್ ತರಬೇತಿಯಲ್ಲಿ ಪ್ರಶಂಸಾಪತ್ರ ಪಡೆದ ನಾನು ಪ್ರಿಂಟರನ್ನು ಕಂಕುಳಲ್ಲಿ ಎತ್ತಿಕೊಂಡು ಬೀದಿಯಲ್ಲಿ ನಡೆಯುವುದೆ? "ಎರಡು ಕಂಪ್ಯೂಟರಿಗೂ ಒಂದು ತಂತಿ ಹಾಕಿದರೆ ಮುಗೀತು. ನಿನ್ನ ಫೋಲ್ಡರು ಅಲ್ಲಿ ಕಾಣಿಸುತ್ತೆ, ಗುಂಡಿ ಒತ್ತಿದರೆ ಪ್ರಿಂಟು. ಹತ್ತು ನಿಮಿಷದ ಕೆಲಸ," ಎಂದೆ. ಚನ್ನರಾಯಪಟ್ಟಣಕ್ಕೆ ಹೋಗಿ ಕೇಬಲ್ ತಂದು, ಹಿತ್ತಲಿನ ಬಟ್ಟೆ ಒಣಗಿಸುವ ತಂತಿಯ ಜೊತೆಯಲ್ಲೇ ಎಳೆದು, ಎರಡೂ ಕಡೆ ಸಿಕ್ಕಿಸಿದೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಚಿಕ್ಕಪ್ಪನ ಮನೆಯ ಕಂಪ್ಯೂಟರಿನ ಮುಂದೆ ಕುಳಿತೆ. ಫೋಲ್ಡರು ಕಾಣಲಿಲ್ಲ. ನಮ್ಮ ಮನೆಗೆ ಬಂದು ಅಲ್ಲೇನೋ ಒತ್ತಿ, ಮತ್ತೆ ಆ ಮನೆಗೆ ಓಡಿದೆ. ಕಾಣಲಿಲ್ಲ. ಹೀಗೆ ಹನ್ನೊಂದು ಸಲ ಬೀದಿಗಿಳಿದು ಹತ್ತಿದೆ. ಎದುರು ಮನೆಯ ಸಾವಿತ್ರಮ್ಮನವರು ಹೂ ಕಟ್ಟುವುದನ್ನು ನಿಲ್ಲಿಸಿ, "ಏನು ಮೇಷ್ಟ್ರೇ, ಮನೇಲಿ ಹುಷಾರಿಲ್ವಾ?" ಎಂದು ಕೇಳಿದರು. ಎಲ್ಲರೂ ಹುಷಾರಾಗಿದ್ದಾರೆ ಎಂದು ನಾನು ಹೇಳಿದ ಧಾಟಿಗೆ ಅವರು ಹೂವಿನ ಬುಟ್ಟಿ ತೆಗೆದುಕೊಂಡು ಒಳಗೆ ಹೋದರು.

ಹತ್ತೂವರೆಗೆ ನನ್ನ ಸಿಟ್ಟು ನೆತ್ತಿಗೇರಿತು. ಕೇಬಲ್ಲೇ ಕೆಟ್ಟದ್ದೆಂದು ತೀರ್ಮಾನಿಸಿ, ಅದನ್ನು ಕೊಟ್ಟ ಚನ್ನರಾಯಪಟ್ಟಣದ ರಾಜೇಗೌಡನ ಅಂಗಡಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಆತ ಪೂರ್ತಿ ಕೇಳಿಸಿಕೊಂಡ.

"ಸಾ, ಕೇಬ್ಲು ನಾನೇ ಕಟ್ಟಿ, ನೋಡಿ ಕೊಟ್ಟಿವ್ನಿ. ಅದ್ಕೇನೂ ಆಗಿಲ್ಲ ಕಣ್ ಸಾ. ಪರದೆ ಮ್ಯಾಲೆ ಏನಂತ ಬರ್ಕೊಂಡೈತೆ, ಓದಿ."

ಒಂದು ಚೌಕ ಬೆಳಿಗ್ಗೆಯಿಂದಲೂ ಬರುತ್ತಿತ್ತು, ನಾನೂ ಅದನ್ನು ಬೆಳಿಗ್ಗೆಯಿಂದಲೂ ಓದದೆ ಮುಚ್ಚುತ್ತಿದ್ದೆ. ಈಗ ಓದಿದೆ. ಈ ಜಾಲದಲ್ಲಿ ಇದೇ ಹೆಸರಿನ ಇನ್ನೊಂದು ಯಂತ್ರವಿದೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

"ನಿಮ್ಮ ಮಿಸೀನ್ಗೆ ಏನ್ ಎಸ್ರು ಮಡಗಿದ್ದೀರಿ ಸಾ?"

"ವೆಂಕಟರಮಣ."

"ಇನ್ನೊಂದ್ಕೆ?"

"ಅದಕ್ಕೂ ವೆಂಕಟರಮಣ."

"ಒಂದೇ ಬೀದೀಲಿ ಇಬ್ರು ಒಂದೇ ಎಸ್ರಲ್ಲಿದ್ರೆ ಪೋಸ್ಟ್‌ಮ್ಯಾನು ಕಾಗ್ದ ಯಾರ್ಗೆ ಕೊಟ್ಟಾನು ಸಾ? ಇದೂ ಅಂಗೇಯ. ಒಂದ್ರ ಎಸ್ರು ಬದ್ಲಾಯ್ಸಿ, ಸರೋಯ್ತದೆ," ಎಂದು ಹೇಳಿ ಫೋನಿಟ್ಟ.

ಒಂದರ ಹೆಸರು ಬದಲಾಯಿಸುವುದು! ಹೇಳುವುದು ಸುಲಭ. ವೆಂಕಟರಮಣಯ್ಯ ನಮ್ಮ ತಾತ. ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ಪದ್ಧತಿ, ಆದ್ದರಿಂದ ನಾನು ವೆಂಕಟರಮಣ. ತನ್ನ ಮೊದಲ ಮಗನಿಗೂ ತನ್ನ ಅಪ್ಪನ ಹೆಸರೇ ಬೇಕೆಂದು ಚಿಕ್ಕಪ್ಪ ಹಠ ಹಿಡಿದದ್ದರಿಂದ ಅವನೂ ವೆಂಕಟರಮಣ. ಬೀದಿಗೆ ನಾನು ದೊಡ್ಡ ರಮಣ, ಅವನು ಸಣ್ಣ ರಮಣ. ಮನೆಗೆ ಕಂಪ್ಯೂಟರ್ ಬಂದಾಗ ಅದು ಹೆಸರು ಕೇಳಿತು. ಅರಿಶಿನ ಕುಂಕುಮವಿಟ್ಟು, ತಾತನನ್ನು ನೆನೆದು, ನಾನು ತಾತನ ಹೆಸರು ಕೊಟ್ಟೆ. ಗೋಡೆಯಾಚೆ ಸಣ್ಣ ರಮಣನೂ ಅರಿಶಿನ ಕುಂಕುಮವಿಟ್ಟಿದ್ದಾನೆ, ತಾತನನ್ನೇ ನೆನೆದಿದ್ದಾನೆ.

"ನಿಂದು ತೆಗಿ," ಎಂದೆ.

"ನಾನ್ಯಾಕೋ ತೆಗೀಲಿ? ನನ್ನ ಕಂಪ್ಯೂಟರು ನಿಂದಕ್ಕಿಂತ ಆರು ತಿಂಗಳು ಮುಂಚೆ ಬಂದಿದೆ," ಎಂದ ಸಣ್ಣ ರಮಣ.

"ನಾನು ನಿನಗಿಂತ ನಾಲ್ಕು ವರ್ಷ ಮುಂಚೆ ಬಂದಿದ್ದೀನಿ."

ಮಾತಿಗೆ ಮಾತು ಬೆಳೆಯಿತು. ಪಾಲಿನಲ್ಲಿ ಹಿತ್ತಲಿನ ಬಾವಿ ಯಾರಿಗೆ ಹೋಯಿತು ಎಂಬಲ್ಲಿಗೂ ಹೋಗಿಬಂತು. ಕೊನೆಗೆ ಉದಾರ ಮನಸ್ಸಿನಿಂದ ನಾನೇ ಒಂದು ಸಂಧಾನಸೂತ್ರ ಮುಂದಿಟ್ಟೆ. ಅವನ ಯಂತ್ರಕ್ಕೂ ತಾತನ ಹೆಸರೇ ಇರಲಿ, ಮುಂದೆ ಎರಡು ಎಂಬ ಅಂಕಿ ಸೇರಿಸೋಣ ಎಂದೆ.

ಜಗಲಿಯಲ್ಲಿ ಪಂಚಾಂಗ ನೋಡುತ್ತಿದ್ದ ಚಿಕ್ಕಪ್ಪ ಕನ್ನಡಕ ತೆಗೆದು ಎದ್ದು ಬಂದರು. "ನಮ್ಮಪ್ಪನಿಗೆ ನಂಬರ್ ಎರಡು ಅಂತ ಇಡ್ತೀಯೇನೋ? ಇಷ್ಟು ಓದಿ ಇದೇ ಏನೋ ನೀನು ಕಲಿತದ್ದು?" ಎಂದರು. ನನಗೂ ರೇಗಿತು. ಹಾಗಾದರೆ ನನ್ನ ಯಂತ್ರಕ್ಕೆ ಎರಡು ಹಾಕುವುದೆ? ತಾತನ ತೊಡೆಯ ಮೇಲೆ ಮೊದಲು ಕೂತವನು ನಾನು. ಇದನ್ನೂ ಹೇಳಿದೆ, ಇನ್ನೂ ಕೆಲವು ಮಾತು ಹೇಳಿದೆ. ಹೇಳಬಾರದಿತ್ತು.

ಗಂಟೆ ಹನ್ನೆರಡಾಗಿತ್ತು. ವತ್ಸಲಾ ಬಂದು ಬಾಗಿಲಲ್ಲಿ ನಿಂತು ಐದು ನಿಮಿಷ ನಮ್ಮನ್ನು ನೋಡಿದಳು.

"ಅಜ್ಜಿ ಹೆಸರಿಡಿ," ಎಂದಳು.

ಅಜ್ಜಿ ಪದ್ಮಾವತಮ್ಮ. ನಮ್ಮೆಲ್ಲರಿಗೂ ಕೈತುತ್ತು ಹಾಕಿ ಬೆಳೆಸಿದವಳು. ಆಕೆಯ ಹೆಸರನ್ನು ವಂಶದಲ್ಲಿ ಯಾರೂ ಯಾರಿಗೂ ಇಟ್ಟಿರಲಿಲ್ಲ ಎಂಬುದು ನಮಗೆ ಆಗಲೇ ಹೊಳೆದದ್ದು. ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು, "ಇಡಪ್ಪ, ನಮ್ಮಮ್ಮನ ಹೆಸರೇ ಇಡು," ಎಂದರು. ಸಣ್ಣ ರಮಣನ ಕಂಪ್ಯೂಟರು ಪದ್ಮಾವತಿಯಾಯಿತು. ನಾನು ಗೆದ್ದೆನೆಂದು ಒಳಗೊಳಗೇ ಬೀಗಿದೆ.

ಈಗ ನಮ್ಮ ಮನೆಯ ಕಂಪ್ಯೂಟರು ಕಾಣಿಸಿತು. ಅದರೊಳಗೆ ವತ್ಸಲಾಳ 'ರಂಗೋಲಿ' ಫೋಲ್ಡರೂ ಕಾಣಿಸಿತು. ಒತ್ತಿದೆ. ನಿಮಗೆ ಇದನ್ನು ತೆರೆಯುವ ಅನುಮತಿ ಇಲ್ಲ ಎಂದಿತು.

ನನಗೆ ಅನುಮತಿ ಇಲ್ಲವಂತೆ. ನಾನು ಕೊಂಡ ಕಂಪ್ಯೂಟರು, ನಾನು ಎಳೆದ ತಂತಿ, ನಾನು ಕಟ್ಟಿಕೊಂಡ ಹೆಂಡತಿಯ ಫೋಲ್ಡರು. ಮೇಜು ಗುದ್ದಿದೆ. ಸಣ್ಣ ರಮಣನ ಲೋಟದ ಕಾಫಿ ವಿಮಾ ಅರ್ಜಿಗಳ ಮೇಲೆ ಚೆಲ್ಲಿತು. ಅವನು ಏನೋ ಹೇಳುವಷ್ಟರಲ್ಲಿ ನಾನು ಬೀದಿಗಿಳಿದು ನಮ್ಮ ಮನೆ ಸೇರಿದ್ದೆ. ಅಲ್ಲಿ ಯಾರಿಗೆ ಏನೇನು ಅನುಮತಿ ಎಂದು ಕೇಳುವ ಒಂದು ಪಟ್ಟಿ ಸಿಕ್ಕಿತು. ನೋಡಲು, ತಿದ್ದಲು, ಅಳಿಸಲು ಎಂದು ಬೇರೆ ಬೇರೆ ಚೌಕಗಳು. ಇವುಗಳನ್ನು ಒಂದೊಂದಾಗಿ ಓದುತ್ತ ಕೂರುವ ತಾಳ್ಮೆ ಯಾರಿಗಿದೆ? ಎಲ್ಲರಿಗೂ ಎಲ್ಲ ಅನುಮತಿ ಎಂದು ಅಷ್ಟಕ್ಕೂ ಗುರುತು ಹಾಕಿ ವಾಪಸು ಬಂದೆ.

ಫೋಲ್ಡರು ತೆರೆಯಿತು. ಎಪ್ಪತ್ತು ಪುಟ, ಅರವತ್ತು ರಂಗೋಲಿ, ಎಲ್ಲ ಕಣ್ಣ ಮುಂದೆ. ಸಣ್ಣ ರಮಣನ ಕಡೆ ತಿರುಗಿ ಒಂದು ನೋಟ ಬೀರಿದೆ. ಫೋಲ್ಡರನ್ನು ಹಿಡಿದು ಅವನ ಪರದೆಯ ಮೇಲೆ ಎಳೆದು ಹಾಕಿದೆ. ಅಲ್ಲೂ ಒಂದು 'ರಂಗೋಲಿ' ಕೂತಿತು. ಈಗ ಇಲ್ಲೊಂದು ರಂಗೋಲಿ, ಅಲ್ಲೊಂದು ರಂಗೋಲಿ.

ಒಂದೇ ಹೆಸರಿನ ಎರಡು! ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂದದ್ದೇ ಇದಲ್ಲವೆ? ಇನ್ನೊಮ್ಮೆ ಈ ಗೋಳು ಬೇಡವೆಂದು ಒಂದನ್ನು ಅಳಿಸಲು ಒತ್ತಿದೆ. ಶಾಶ್ವತವಾಗಿ ಅಳಿಸಲೇ ಎಂದು ಅದು ಕೇಳಿತು. ಇಷ್ಟಕ್ಕೂ ನನ್ನನ್ನು ಪ್ರಶ್ನೆ ಕೇಳುತ್ತದಲ್ಲ ಎಂದು ಕೋಪ ಬಂದು, ಹೌದು ಎಂದೆ.

ಉಳಿದದ್ದನ್ನು ಒತ್ತಿದೆ. ತೆರೆಯಲಿಲ್ಲ.

ಸಣ್ಣ ರಮಣ ಬಗ್ಗಿ ನೋಡಿದ. "ಲೋ ದೊಡ್ಡ ರಮಣ, ಇದು ಫೋಲ್ಡರಲ್ಲ ಕಣೋ. ಶಾರ್ಟ್‌ಕಟ್ಟು. ನೀನು ಅಳಿಸಿದ್ದು ನಿಜವಾದ್ದು," ಎಂದ. ನಾನು ಎಳೆದು ಹಾಕಿದ್ದು ಬರೀ ಕೈಮರ. ಊರಿಗೆ ದಾರಿ ತೋರಿಸುವ ಕೈಮರ ಉಳಿಸಿಕೊಂಡು ಊರನ್ನೇ ಅಳಿಸಿದ್ದೆ.

ಕಸದ ಬುಟ್ಟಿಯಲ್ಲಿ ಇರುತ್ತದೆಂದು ಆ ಮನೆಯ ಕಂಪ್ಯೂಟರಿನ ಬುಟ್ಟಿ ನೋಡಿದೆವು. ಖಾಲಿ. ಓಡಿ ನಮ್ಮ ಮನೆಯದರ ಬುಟ್ಟಿ ನೋಡಿದೆ. ಖಾಲಿ. ರಾಜೇಗೌಡನಿಗೆ ಮತ್ತೆ ಫೋನು ಮಾಡಿದೆ. ಈ ಸಲ ಬೈಯಲಿಲ್ಲ. "ತಂತಿ ಮ್ಯಾಲಿಂದ ಅಳಿಸಿದ್ದು ಬುಟ್ಟಿಗೂ ಬೀಳಾಕಿಲ್ಲ ಸಾ. ಓದ್ರೆ ಓಯ್ತು," ಎಂದ.

ಬೆಳಿಗ್ಗೆಯಿಂದ ಸಿಕ್ಕಸಿಕ್ಕವರ ಮೇಲೆಲ್ಲ ಹಾರಾಡಿದ್ದ ನನಗೆ ಈಗ ಹೆಂಡತಿಯ ಎದುರು ನಿಂತು ಒಂದು ಮಾತು ಹೇಳುವ ಧೈರ್ಯವಿರಲಿಲ್ಲ. ಎರಡು ವರ್ಷ ಬಿಸಿಲಲ್ಲಿ ಸುತ್ತಿದ್ದಳು. ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪಿ ಎರಡು ಗಂಟೆ ಕಾದು ಬಂದ ದಿನವೂ, ಬಂದವಳೇ ಟೈಪ್ ಮಾಡಲು ಕೂತಿದ್ದಳು. ಒಂದೂವರೆ ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಲೆ ಬಗ್ಗಿಸಿ, "ಹೋಯ್ತು ಕಣೇ. ಎಲ್ಲಾ ಹೋಯ್ತು. ನಾನೇ ಅಳಿಸಿಬಿಟ್ಟೆ," ಎಂದೆ.

ವತ್ಸಲಾ ಒಲೆ ಆರಿಸಿದಳು. ಕೈ ಒರೆಸಿಕೊಂಡು ಕೋಣೆಗೆ ಹೋದಳು. ಬೀರು ತೆಗೆದ ಸದ್ದಾಯಿತು. ಹೊರಗೆ ಬಂದಾಗ ರೇಷ್ಮೆ ಸೀರೆಯ ಮಡಿಕೆಯಿಂದ ತೆಗೆದ ಒಂದು ಸಿ.ಡಿ. ಕೈಯಲ್ಲಿತ್ತು.

"ಇದೇನು?"

"ಹೋದ ವಾರ ನೀವು ನೆಟ್‌ವರ್ಕ್ ಮಾಡ್ತೀನಿ ಅಂದ್ರಲ್ಲ, ಮಾರನೇ ದಿನವೇ ಇಂಟರ್‌ನೆಟ್ ಸೆಂಟರಿನ ಹುಡುಗೀನ ಕರೆಸಿ ಎಲ್ಲಾ ಸಿ.ಡಿ.ಗೆ ಬರೆಸಿ ಇಟ್ಟುಕೊಂಡೆ. ಹಾಸನದಲ್ಲೇ ಪ್ರಿಂಟ್ ತೆಗೆಸ್ತೀನಿ. ಎರಡು ಗಂಟೆ ಬಸ್ಸು ಸಿಗುತ್ತೆ."

"ಮತ್ತೆ ಬೆಳಿಗ್ಗೆಯಿಂದ ಯಾಕೆ ಹೇಳಲಿಲ್ಲ?" ಎಂದು ಕೂಗಿದೆ. ಹಳೆಯ ಅಭ್ಯಾಸ.

"ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ. ಮಧ್ಯಾಹ್ನದ ಬಸ್ಸಿನೊಳಗೆ ಆದ್ರೂ ಆಗಲಿ ಅಂತ ಬಿಟ್ಟೆ."

ಸಿ.ಡಿ.ಯ ಮೇಲೆ ಒಂದು ಚೀಟಿ ಅಂಟಿಸಿತ್ತು. ಅವಳ ದುಂಡು ಅಕ್ಷರ. 'ಇವರು ಮುಟ್ಟುವುದಕ್ಕೆ ಮುಂಚಿನದು' ಎಂದು ಬರೆದಿತ್ತು. ಓದಿದವನು ಚೀಟಿಯನ್ನೇ ನೋಡುತ್ತ ನಿಂತೆ. ಬೈಯೋಣವೆಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ನಡಿ, ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡ್ತೀನಿ," ಎಂದೆ. "ಅದನ್ನ ಇಲ್ಲಿ ಕೊಡು, ಜೇಬಲ್ಲಿ ಇಟ್ಕೋತೀನಿ."

"ಬೇಡ, ನನ್ನ ಹತ್ತಿರವೇ ಇರಲಿ," ಎಂದಳು, ಮೆತ್ತಗೆ.

ಹದಿನೇಳು ವರ್ಷದಿಂದ ಸ್ಕೂಟರಿನ ಹಿಂದೆ ಕೂತಾಗಲೆಲ್ಲ ವತ್ಸಲಾ ನನ್ನ ಭುಜ ಹಿಡಿದುಕೊಳ್ಳುತ್ತಾಳೆ. ಅವತ್ತು ಬಸ್ ಸ್ಟ್ಯಾಂಡ್ ಬರುವ ತನಕ ಎರಡೂ ಕೈಯಲ್ಲಿ ಸಿ.ಡಿ. ಇದ್ದ ಚೀಲ ಹಿಡಿದುಕೊಂಡಿದ್ದಳು. ಹಂಪ್ ಬಂದಾಗಲೂ ಬಿಡಲಿಲ್ಲ.