ಮೊಹರು ಹಾಕಿದ ಮೌನ

ವೇಳಾಪಟ್ಟಿಯಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಅಂಚೆ ಗುಮಾಸ್ತರು ಯುವ ಶಿಬಿರದ ಉಸಾಬರಿಗೆ ಹೋಗುತ್ತಲೇ ಇರಲಿಲ್ಲ. ‘ಹನ್ನೊಂದರಿಂದ ಹನ್ನೆರಡು: ಸಂಪೂರ್ಣ ಮೌನ.’

ಮೂರು ಮಕ್ಕಳ ತಂದೆಗೆ ಆ ಸಾಲು ಹಸಿದವನ ಮುಂದೆ ತಟ್ಟೆ ಇಟ್ಟ ಹಾಗೆ ಕಂಡಿತ್ತು. ಕೆಲವು ವಾರಗಳಿಂದ ಅವರಿಗೆ ಪ್ರಾರ್ಥನೆ ಕೈಗೂಡುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ದೇವರ ಬದಲು ದೊಡ್ಡವಳ ಹರಿದ ಶೂ, ನಡುವಿನವಳ ಕನ್ನಡಕ, ಚಿಕ್ಕವನ ಹಲ್ಲುನೋವು ಕೌಂಟರಿನ ಮುಂದೆ ನಿಂತವರ ಹಾಗೆ ಸಾಲುಗಟ್ಟುತ್ತಿದ್ದವು. ಸಾಲಿನ ಕೊನೆಯಲ್ಲಿ ಇನ್ನೇನೋ ಒಂದು ನಿಂತಿರುತ್ತಿತ್ತು. ಅದರ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

“ಮನೇಲಿ ಮೂರನ್ನ ಸುಮ್ಮನಿರಿಸೋಕಾಗಲ್ಲ, ಅಲ್ಲಿ ಹೋಗಿ ನಲವತ್ತನ್ನ ಸುಮ್ಮನಿರಿಸ್ತೀರಾ?” ಎಂದಳು ಹೆಂಡತಿ.

“ನನಗೆ ಒಂದು ಗಂಟೆ ಮೌನ ಬೇಕು ಕಣೇ. ಒಂದೇ ಒಂದು ಗಂಟೆ.”

“ಸರಿ, ಹೋಗಿ. ಅಂದ ಹಾಗೆ, ನಿನ್ನೆ ಆದ್ರೂ ಅಮ್ಮನ ಕಾಗದ ಬಂದಿತ್ತಾ? ಒಂದು ತಿಂಗಳಾಯ್ತು. ಫೋನು ಮಾಡಿದ್ರೆ ಅವಳಿಗೆ ಕೇಳಿಸಲ್ಲ. ನನಗ್ಯಾಕೋ ಹೆದರಿಕೆ ಆಗ್ತಿದೆ ರೀ.”

“ಇಲ್ವಲ್ಲ,” ಎಂದರು ಗುಮಾಸ್ತರು. ಶೂ ದಾರ ಕಟ್ಟಲು ಬಗ್ಗಿದವರು ಅಗತ್ಯಕ್ಕಿಂತ ಎರಡು ಗಂಟು ಜಾಸ್ತಿಯೇ ಹಾಕಿದರು.

ಶಿಬಿರ ನಡೆಯುವ ಪ್ರಾರ್ಥನಾ ಮಂದಿರದ ಕಾರ್ಯದರ್ಶಿ ಸೀಟಿ ಮೇಷ್ಟ್ರು. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿಸದ ಡ್ರಿಲ್ ಮಾಸ್ತರು. ಒಂದು ಪೀಪಿ ಊದಿ ನಲವತ್ತು ಹುಡುಗ ಹುಡುಗಿಯರನ್ನು ಸಾಲಾಗಿ ಕೂರಿಸಿ, ಎಲ್ಲರ ಫೋನನ್ನೂ ಕಿತ್ತು ಒಂದು ಕ್ಯಾನ್ವಾಸ್ ಚೀಲಕ್ಕೆ ತುಂಬಿಸಿದರು. ಚೀಲದ ಬಾಯಿ ಕಟ್ಟುವ ಕೆಲಸ ಗುಮಾಸ್ತರದು. ಇಪ್ಪತ್ತೆರಡು ವರ್ಷ ಟಪಾಲು ಚೀಲ ಕಟ್ಟಿದ ಕೈ ಬೇರೇನು ಮಾಡೀತು? ದಾರ ಬಿಗಿದರು, ಅರಗು ಕರಗಿಸಿದರು, ಮಂದಿರದ ಮೊಹರು ಒತ್ತಿಯೇ ಬಿಟ್ಟರು.

“ಇದಕ್ಕೆಲ್ಲ ಅರಗು ಯಾಕ್ರೀ?” ಎಂದರು ಮೇಷ್ಟ್ರು.

“ಸಾಯಂಕಾಲ ನೀವು, ನಾನು, ಇಬ್ಬರೂ ನಿಂತೇ ಒಡೀಬೇಕು ಮೇಷ್ಟ್ರೇ. ನಿಯಮ ಅಂದ್ರೆ ನಿಯಮ.”

ಚೀಲ ಉಗ್ರಾಣ ಸೇರಿತು. ಮೇಷ್ಟ್ರು ಊಟ ತರಲು ಗಾಡಿಯೊಂದಿಗೆ ಹೊರಟರು. ಹನ್ನೊಂದು ಹೊಡೆಯಿತು. ಗುಮಾಸ್ತರು ವೇದಿಕೆ ಹತ್ತಿ ಕಂಚಿನ ಗಂಟೆಯನ್ನು ಮೇಜಿನ ಮೇಲಿಟ್ಟರು. ಅಷ್ಟೊಂದು ಜನ ತಮ್ಮ ಮಾತಿಗೆ ಬಾಯಿ ಮುಚ್ಚಿ ಕೂತಿದ್ದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಉತ್ಸಾಹ ತಲೆಗೇರಿತು.

“ಈ ಗಂಟೆ ಬಾರಿಸೋವರೆಗೂ ಯಾರೂ ಬಾಯಿ ಬಿಡಬಾರದು, ಕಣ್ಣು ಬಿಡಬಾರದು, ಕೂತ ಜಾಗ ಬಿಡಬಾರದು. ಯಾರು ಕೂಗಿದ್ರೂ ಅಲ್ಲಾಡಬಾರದು. ನಾನೇ ಕೂಗಿದ್ರೂ!”

ನಲವತ್ತು ಜೊತೆ ಕಣ್ಣು ಮುಚ್ಚಿದವು. ಗುಮಾಸ್ತರು ತಾವೂ ಕಣ್ಣು ಮುಚ್ಚಿ ಒಂದು ದೀರ್ಘ ಉಸಿರೆಳೆದರು. ಉಸಿರು ಬಿಡುವಷ್ಟರಲ್ಲಿ ಉಗ್ರಾಣದಿಂದ ಫೋನು ಕಿರುಚಿಕೊಂಡಿತು.

ಯಾರ ಫೋನೆಂದು ಅವರಿಗೆ ಗೊತ್ತು. ಪಕ್ಕದ ಮನೆಯ ರೇಡಿಯೋ ಅತ್ತಿಗೆಯ ಮಗಳದು. ಮಗಳು ಹಾಳಾಗಬಾರದೆಂದು ಆ ತಾಯಿ ಕೊಡಿಸಿದ್ದ ಗುಂಡಿ ಒತ್ತುವ ಹಳೇ ಫೋನು, ಕಾರ್ಖಾನೆಯ ಸೈರನ್ನಿನಂಥ ಸದ್ದು. ಅತ್ತಿಗೆ ಅರ್ಧ ಗಂಟೆಗೊಮ್ಮೆ ಮಗಳನ್ನು ವಿಚಾರಿಸಿಕೊಳ್ಳುವವರು. ಉಳಿದ ಸಮಯದಲ್ಲಿ ಇಡೀ ಬೀದಿಯನ್ನು ವಿಚಾರಿಸಿಕೊಳ್ಳುವವರು. ರೇಡಿಯೋ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಗುಮಾಸ್ತರು ತುದಿಗಾಲಲ್ಲಿ ಉಗ್ರಾಣಕ್ಕೆ ಓಡಿದರು. ಚೀಲ ಬಿಚ್ಚುವಂತಿಲ್ಲ, ಮೊಹರು ಬಿದ್ದಿದೆ. ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಸದ್ದು ಬರುವ ಜಾಗ ತಡವಿ, ಕ್ಯಾನ್ವಾಸಿನ ಮೇಲಿಂದಲೇ ಸಿಕ್ಕ ಗುಂಡಿಯನ್ನು ಅದುಮಿದರು. ಸದ್ದು ನಿಂತಿತು. ‘ಅಬ್ಬ!’ ಎನ್ನುವಾಗಲೇ ಬೆನ್ನ ಹಿಂದೆ ಗಾಳಿಗೆ ಬಾಗಿಲು ಧಡಾರನೆ ಬಡಿದುಕೊಂಡಿತು. ಹೊರಗಿನ ಚಿಲಕ ಟಕ್ಕನೆ ಬಿತ್ತು.

ಮೊದಲು ಮೆಲ್ಲಗೆ ತಟ್ಟಿದರು. “ಮಕ್ಕಳೇ, ಬಾಗಿಲು ತೆಗೀರಿ.”

ಯಾರೂ ಅಲ್ಲಾಡಲಿಲ್ಲ.

“ಏಯ್, ನಾನು ಕಣ್ರೋ!” ಬಾಗಿಲು ಗುದ್ದಿದರು. “ತಮಾಷೆ ಅಲ್ಲ! ಚಿಲಕ ಬಿದ್ದಿದೆ! ಯಾರಾದ್ರೂ ಬನ್ರೋ!”

ಬಿರುಕಿನಿಂದ ನೋಡಿದರು. ಸಭಾಂಗಣದಲ್ಲಿ ನಲವತ್ತು ಮಂದಿ ಕಲ್ಲಿನ ಬೊಂಬೆಗಳಾಗಿದ್ದರು. ರೇಡಿಯೋ ಅತ್ತಿಗೆಯ ಮಗಳ ತುಟಿಯಂಚಿನಲ್ಲಿ ಮಾತ್ರ ಸಣ್ಣ ನಗು, ‘ಪರೀಕ್ಷೆ ನಮಗೆ ಗೊತ್ತಾಗಲ್ವಾ’ ಎನ್ನುವಂತೆ. ಗುಮಾಸ್ತರು ತಮ್ಮ ಸ್ವಂತ ಫೋನನ್ನು ಮಾದರಿಯಾಗಲೆಂದು ಮನೆಯಲ್ಲೇ ಬಿಟ್ಟು ಬಂದಿದ್ದರು. ಚೀಲದಲ್ಲಿ ನಲವತ್ತಿವೆ, ನಿಜ. ಎರಡು ಸಲ ಮೊಹರಿಗೆ ಕೈ ಹಾಕಿದರು, ಎರಡು ಸಲವೂ ಕೈ ತಾನಾಗಿ ಹಿಂದೆ ಬಂತು.

ಗಂಟಲು ಸೋತ ಮೇಲೆ ಗುಮಾಸ್ತರು ಚೀಲಕ್ಕೆ ಒರಗಿ ನೆಲದ ಮೇಲೆ ಕೂತರು. ಸುತ್ತ ಮಡಿಚಿಟ್ಟ ಜಮಖಾನೆ, ಕಾಲು ಮುರಿದ ಕುರ್ಚಿ, ಮೇಲಿನ ಕಿಂಡಿಯಿಂದ ಒಂದೇ ಒಂದು ಬಿಸಿಲ ಪಟ್ಟಿ. ಶೂ ಕೇಳುವವರಿಲ್ಲ. ಟೋಕನ್ ಹಿಡಿದು ನಿಂತವರಿಲ್ಲ. ತಮ್ಮ ಉಸಿರಿನ ಸದ್ದು ತಮಗೇ ಕೇಳಿ ಎಷ್ಟು ವರ್ಷವಾಗಿತ್ತು! ಕಣ್ಣು ಮುಚ್ಚಿದರು. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ಕೊನೆಯಲ್ಲಿದ್ದದ್ದು ಮುಂದೆ ಬಂದು ನಿಂತಿತು.

“ದೇವರೇ,” ಎಂದರು ಗುಮಾಸ್ತರು, ಬಾಯಿಬಿಟ್ಟೇ. “ಭಾನುವಾರ ಭಾನುವಾರ ನಮ್ಮನೆ ಕರೆಗಂಟೆ ನಿಜಕ್ಕೂ ಕೆಟ್ಟಿರಲ್ಲ. ಆ ರೇಡಿಯೋ ಅತ್ತಿಗೆ ಬರ್ತಾರೆ ಅಂತ ನಾನೇ ತಂತಿ ಕಿತ್ತಿಡ್ತೀನಿ. ಅದನ್ನ ಹೇಗೋ ಮನ್ನಿಸಿಬಿಡು. ಇದೊಂದನ್ನ ಮನ್ನಿಸ್ತೀಯೋ ಇಲ್ವೋ. ಅತ್ತೆ ಕಾರ್ಡು ಬರೆದಿದ್ರು. ‘ನಿನ್ನ ಉತ್ತರ ಬಂದ ತಕ್ಷಣ ಹೊರಟು ಬರ್ತೀನಿ, ಎರಡು ತಿಂಗಳು ಇರ್ತೀನಿ’ ಅಂತ. ಅದನ್ನ ಮನೆಗೆ ಕೊಡ್ಲಿಲ್ಲ ನಾನು. ಆಫೀಸಿನ ಡ್ರಾಯರಲ್ಲಿಟ್ಟು ಬೀಗ ಹಾಕಿದೀನಿ. ಇಪ್ಪತ್ತೆರಡು ವರ್ಷದಲ್ಲಿ ಯಾರ ಕಾಗದವನ್ನೂ ಒಂದು ದಿನಾನೂ ತಡೆದವನಲ್ಲ. ತಡೆದದ್ದು ಇವಳದೇ. ಅವಳು ದಿನಾ ಬಾಗಿಲಲ್ಲಿ ನಿಂತು ಕೇಳ್ತಾಳೆ, ನಾನು ದಿನಾ ಶೂ ನೋಡ್ತೀನಿ.”

ಗುಮಾಸ್ತರು ಅತ್ತರು, ಚೆನ್ನಾಗಿಯೇ ಅತ್ತರು. ಅತ್ತು ಮುಗಿದಾಗ ಎದೆ ಒಗೆದು ಹರವಿದ ಬಟ್ಟೆಯಂತೆ ಹಗುರಾಗಿತ್ತು. ನಾಳೆ ಬೆಳಿಗ್ಗೆ ಮೊದಲ ಬಟವಾಡೆ ಆ ಕಾರ್ಡಿನದೇ ಎಂದು ಗಟ್ಟಿ ಮಾಡಿಕೊಂಡರು. ‘ಇವತ್ತೇ ಸಿಕ್ಕಿತು’ ಎಂದು ಕೈಗಿಟ್ಟರಾಯಿತು. ಅವಳ ಮುಖ ಅರಳುತ್ತದೆ, ದೇವರಿಗೂ ಸಮಾಧಾನ. ಇದ್ದದ್ದನ್ನೆಲ್ಲ ಅವನಿಗೆ ಒಪ್ಪಿಸಿಯಾಗಿದೆ, ಮತ್ತೆ ಇವಳಿಗೂ ಯಾಕೆ?

ಚಿಲಕ ಸರಿಯಿತು. ಬಾಗಿಲಲ್ಲಿ ಹೆಂಡತಿ.

“ನೀನಾ! ದೇವರೇ ಕಳಿಸಿದ ಹಾಗೆ ಬಂದೆಯಲ್ಲೇ!” ಗುಮಾಸ್ತರ ಮುಖದಲ್ಲಿ ಬೆಳಕು ಹರಿದಾಡುತ್ತಿತ್ತು.

“ಎಡಗಡೆ ಡ್ರಾಯರಾ, ಬಲಗಡೆದಾ?” ಎಂದಳು ಹೆಂಡತಿ.

ಅವಳ ಹಿಂದೆ ರೇಡಿಯೋ ಅತ್ತಿಗೆ, ಸ್ಪೀಕರ್ ಹಾಕಿದ ಫೋನನ್ನು ಆರತಿಯಂತೆ ಎತ್ತಿ ಹಿಡಿದು ನಿಂತಿದ್ದರು. ಗುಮಾಸ್ತರು “ಡ್ರಾ…” ಎಂದರೆ ಅದೂ “ಡ್ರಾ…” ಎಂದಿತು.

“ಮಗಳಿಗೆ ಮಾಡಿದ ಫೋನು ಕಣ್ರೀ. ಎತ್ತಿದ್ದೇ ನಿಮ್ಮ ‘ಬನ್ರೋ ಬನ್ರೋ’ ಕೇಳಿಸ್ತು,” ಎಂದರು ಅತ್ತಿಗೆ. “ಪಾಪ, ಏನಾಯ್ತೋ ಅಂತ ಇವಳನ್ನ ಕರ್ಕೊಂಡು ಗಾಡಿ ಹತ್ತಿದೆ. ದಾರಿ ಪೂರ್ತಿ ಕೇಳ್ಕೊಂಡೇ ಬಂದ್ವಿ. ಗಾಡಿಯೋನೂ ಕಣ್ಣೊರೆಸ್ಕೊಂಡ. ಅದಿರ್ಲಿ, ಕರೆಗಂಟೆ ತಂತಿ ಈಗೆಲ್ಲಿದೆ?”

ಗುಮಾಸ್ತರು ನಡೆಯುವ ಗೊಂಬೆಯಂತೆ ವೇದಿಕೆಗೆ ಹೋಗಿ ಗಂಟೆ ಬಾರಿಸಿದರು. ನಲವತ್ತು ಬಾಯಿ ಒಟ್ಟಿಗೆ ತೆರೆದವು.

“ಅಂಕಲ್, ಒಳಗಿಂದ ಏನ್ ಆಕ್ಟಿಂಗು!” ಎಂದಳು ಅತ್ತಿಗೆಯ ಮಗಳು. “ಒಬ್ರೂ ಮೋಸ ಹೋಗ್ಲಿಲ್ಲ ನೋಡಿ!”

ಊಟದ ಗಾಡಿಯಿಂದಿಳಿದ ಸೀಟಿ ಮೇಷ್ಟ್ರು ಇಂಥ ಶಿಸ್ತನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವೆಂದು ಸಂತೋಷಕ್ಕೆ ಮೂರು ಸಲ ಪೀಪಿ ಊದಿದರು.

ಮರುದಿನ ಕಾರ್ಡು ತಲುಪಿತು. ಅದರ ಮರುದಿನ ಉತ್ತರ ಹೋಯಿತು. ನಾಲ್ಕನೇ ದಿನಕ್ಕೆ ಅತ್ತೆ ಎರಡು ಟ್ರಂಕಿನ ಸಮೇತ ಬಂದಿಳಿದರು. ಕಿವಿ ಮಂದವಾದ್ದರಿಂದ ಅವರು ಬೆಳಗಿನಿಂದ ಸಂಜೆಯವರೆಗೆ ಕೂಗಿಯೇ ಮಾತಾಡುತ್ತಾರೆ. ಕರೆಗಂಟೆ ಈಗ ಭಾನುವಾರವೂ ಮೊಳಗುತ್ತದೆ.

ಹೆಂಡತಿ ಮಾತ್ರ ಶಿಬಿರದ ಆ ಭಾನುವಾರದಿಂದ ಗುಮಾಸ್ತರ ಜೊತೆ ಒಂದು ಮಾತೂ ಆಡಿಲ್ಲ. ತಟ್ಟೆ ಇಡುತ್ತಾಳೆ, ಲೋಟ ಇಡುತ್ತಾಳೆ, ಹೋಗುತ್ತಾಳೆ. ಅವರು ಬೇಡಿದ್ದು ಒಂದು ಗಂಟೆಯ ಮೌನ. ಸಿಕ್ಕಿರುವುದಕ್ಕೆ ವೇಳಾಪಟ್ಟಿಯೇ ಇಲ್ಲ, ಮತ್ತು ಈ ಸಲ ಗಂಟೆ ಇರುವುದು ಅವಳ ಕೈಯಲ್ಲಿ.