ಮೂರು ಡಿಗ್ರಿಯ ಮುಖಭಂಗ

"ಲೇಬಲ್ ಓದಿ ಒಳಗೇನಿದೆ ಅಂತ ಹೇಳೋಕೆ ವಿಜ್ಞಾನಿಯೇ ಬೇಕಾ? ಅಂಗಡಿಯವನು ಸಾಕು!" ಎಂದು ಹೆಂಡತಿಯ ಮುಂದೆ ಗುಡುಗಿ, ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲಿದ್ದ ಎರಡೂ ಬಾಟಲಿಗಳ ಲೇಬಲ್ಲನ್ನು ಪರಪರನೆ ಕಿತ್ತೆಸೆದೆ. ಒಂದರಲ್ಲಿ ನಲ್ಲಿನೀರು. ಇನ್ನೊಂದರಲ್ಲಿ ಭಾರಜಲ. ನೋಡಲು ಅದೂ ನೀರೇ, ಆದರೆ ಒಳಗಿನ ಹೈಡ್ರೋಜನ್ ಮಾತ್ರ ದಢೂತಿ! ಇವೆರಡನ್ನು ಕ್ಷಣದಲ್ಲಿ ಗುರುತಿಸುವ ಅಗ್ಗದ ಸೆನ್ಸರನ್ನು ಮೂರು ವರ್ಷ ಹೆಣಗಿ ತಯಾರಿಸಿದ್ದೆ. ಮರುದಿನ ನಮ್ಮ ಸಂಸ್ಥೆಯ ನಿರ್ದೇಶಕರ ಮುಂದೆ ಪ್ರದರ್ಶನ. ಗೆದ್ದರೆ ನನ್ನದೇ ಪ್ರಯೋಗಾಲಯ, ಸೋತರೆ ಯೋಜನೆಗೆ ಬೀಗ.

ಸೆನ್ಸರನ್ನು ಮೊದಲ ಬಾಟಲಿಗೆ ಅದ್ದಿದೆ. ಹಸಿರು ದೀಪ, ಅಂದರೆ ಮಾಮೂಲಿ ನೀರು. ಎರಡನೆಯದಕ್ಕೆ ಅದ್ದಿದೆ. ಅದಕ್ಕೂ ಹಸಿರು! ಹನ್ನೊಂದು ಸಲ ಅದ್ದಿದರೂ ಹಸಿರೇ.

"ಈಗ ಯಾವುದು ಯಾವುದೂಂತ ಹೇಗೆ ಗೊತ್ತಾಗುತ್ತೆ?" ಎಂದಳು ಹೆಂಡತಿ.

"ಬ್ಯಾಟರಿ ವೀಕು. ನಿನಗಿದೆಲ್ಲ ಅರ್ಥವಾಗಲ್ಲ, ಸುಮ್ಮನಿರು!"

ಹೊಸ ಬ್ಯಾಟರಿಗಾಗಿ ಬೀದಿ ಬೀದಿ ಅಲೆದು ಸಂಜೆ ಬಂದರೆ, ಬಾಟಲಿಗಳು ಫ್ರಿಜ್ಜಿನೊಳಗೆ! ಅದರಲ್ಲೊಂದು ಗಟ್ಟಿಯಾಗಿ ಕಲ್ಲಾಗಿದೆ!

"ಇದನ್ನ ಯಾಕೆ ಒಳಗಿಟ್ಟೆ?"

"ನೀರಿನ ಬಾಟಲಿನ ಫ್ರಿಜ್ಜಲ್ಲಿ ಇಡದೆ ಬೀರುವಲ್ಲಿ ಇಡ್ಲಾ?"

ಇವಳ ಜೊತೆ ವಾದವೇ? ತಪ್ಪು ಆ ದರಿದ್ರ ಫ್ರಿಜ್ಜಿನದು ಎಂದು ತೀರ್ಪಿತ್ತು, ರಿಪೇರಿಯವನನ್ನು ಕರೆಸಿ ಅವನ ಮೇಲೂ ಹಾರಾಡಿದೆ. ಆತ ಥರ್ಮಾಮೀಟರ್ ಇಟ್ಟು ನೋಡಿ ತಲೆಯಾಡಿಸಿದ.

"ಮೂರು ಡಿಗ್ರಿ ಇದೆ ಸಾರ್, ಸರಿಯಾಗೇ ಇದೆ. ಪಕ್ಕದ ಬಾಟಲಿ ನೋಡಿ, ನೀರಾಗೇ ಇದೆ. ಫ್ರಿಜ್ ಕೆಟ್ಟಿಲ್ಲ, ಈ ಬಾಟಲಿ ನೀರೇ ಏನೋ ಬೇರೆ ಥರದ್ದು."

ಭಾರಜಲ ಸೊನ್ನೆ ಡಿಗ್ರಿಯವರೆಗೆ ಕಾಯುವುದಿಲ್ಲ, ನಾಲ್ಕು ಡಿಗ್ರಿಯ ಹತ್ತಿರವೇ ಹೆಪ್ಪುಗಟ್ಟುತ್ತದೆ! ಇದನ್ನು ಬರೆಯದ ವಿದ್ಯಾರ್ಥಿಗಳನ್ನು "ಕತ್ತೆಗಳಾ" ಎಂದು ಬೈದು ಫೇಲು ಮಾಡಿದ ಮಹಾನುಭಾವ ನಾನೇ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

ಸೋಮವಾರ ನಿರ್ದೇಶಕರ ಮುಂದೆ ಹೊಸ ಬ್ಯಾಟರಿ ಹಾಕಿ, ಕರಗಿಸಿದ ಭಾರಜಲಕ್ಕೆ ಸೆನ್ಸರ್ ಅದ್ದಿದೆ. ನಾಚಿಕೆಯಿಲ್ಲದೆ ಮತ್ತೆ ಹಸಿರು!

"ಎರಡಕ್ಕೂ ಒಂದೇ ದೀಪ. ಮತ್ತೆ ಇದೇ ಭಾರಜಲ ಅಂತ ಅಷ್ಟು ಗ್ಯಾರಂಟಿಯಾಗಿ ಹೇಗೆ ಹೇಳ್ತೀರಿ?" ನಿರ್ದೇಶಕರು ಕನ್ನಡಕದ ಮೇಲಿನಿಂದ ನೋಡಿದರು.

ಸುಳ್ಳು ಹೊಳೆಯಲಿಲ್ಲ. "ನಮ್ಮನೆ ಫ್ರಿಜ್ ರಿಪೇರಿಯವನು ಹೇಳಿದ, ಸಾರ್..."

ನಿರ್ದೇಶಕರು ನನ್ನ ಸೆನ್ಸರನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಪೆನ್ನು ತೆಗೆದರು.

"ಅವನ ಫೋನ್ ನಂಬರ್ ಹೇಳಿ!"