ಮಿತಿಯೊಳಗಿನ ಅತ್ತೆ

ನಾನು ಹಾಸಿಗೆ ವ್ಯಾಪಾರಿ. ಈ ಊರಿನಲ್ಲಿ ಕಣ್ತುಂಬ ನಿದ್ದೆ ಮಾಡುವವರಲ್ಲಿ ಅರ್ಧ ಜನ ನನ್ನ ಸರಕಿನ ಮೇಲೆಯೇ ಮಲಗಿರುತ್ತಾರೆ. ಇಪ್ಪತ್ತೆರಡು ವರ್ಷ ಊರಿಗೆಲ್ಲ ನಿದ್ದೆ ಸರಬರಾಜು ಮಾಡಿದ ನಾನು, ಮೂರು ತಿಂಗಳಿಂದ ನನ್ನದೇ ಮನೆಯ ಸಾಮಾನಿನ ಕೋಣೆಯಲ್ಲಿ, ಹಳೆಯ ಹೊಲಿಗೆ ಯಂತ್ರಕ್ಕೂ ಕಾಲು ಮುರಿದ ಮೇಜಿಗೂ ನಡುವೆ ಮಡಚುವ ಮಂಚದ ಮೇಲೆ ಬಿದ್ದುಕೊಂಡಿದ್ದೆ. (ಮಂಚ ಮಡಚುತ್ತದೆ ಎಂದು ಮಾರಿದವನು ಹೇಳಿದ್ದ. ಮಲಗಿದವನೂ ಮಡಚಿಕೊಳ್ಳಬೇಕು ಎಂದು ಹೇಳಿರಲಿಲ್ಲ.)

ಕಾರಣ, ನನ್ನ ಅತ್ತೆ.

ಅತ್ತೆ ಬಂದದ್ದು ಕಣ್ಣಿನ ಪರೀಕ್ಷೆಗೆ, ನಾಲ್ಕು ದಿನದ ಮಟ್ಟಿಗೆ. ಗಾಳಿ ಬೆಳಕು ಚೆನ್ನಾಗಿರಲಿ ಎಂದು ಬೀದಿ ಕಡೆಯ ನಮ್ಮ ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟೆ. ಜೊತೆಗಿರಲಿ ಎಂದು ಹೆಂಡತಿಯೂ ಅಲ್ಲೇ ಉಳಿದಳು. ಐದನೆಯ ದಿನ ವೈದ್ಯರು, ಕಣ್ಣಿಗೆ ಏನೂ ಆಗಿಲ್ಲ, ಸೊಗಸಾಗಿವೆ ಎಂದರು. ಅಂದಿನಿಂದ ಅತ್ತೆ ಆ ಸೊಗಸಾದ ಕಣ್ಣುಗಳಿಂದ ನಮ್ಮ ಮನೆಯನ್ನೇ ನೋಡುತ್ತ ಕೂತಿದ್ದರು. ಹೊರಡುವ ಮಾತಿಲ್ಲ. ನಾನೇ ಬಾಯಿಬಿಟ್ಟು ಕೇಳೋಣವೆಂದರೆ, ನನ್ನ ಹೆಂಡತಿಯ ಕಣ್ಣುಗಳೂ ಸೊಗಸಾಗಿಯೇ ಇವೆ.

ಅಂಥ ಹೊತ್ತಿನಲ್ಲಿ ಎದುರುಗಡೆಯ ನಾಲ್ಕಂತಸ್ತಿನ ಕಟ್ಟಡದ ನೆತ್ತಿಯ ಮೇಲೆ ಮೊಬೈಲ್ ಟವರ್ ಎದ್ದಿತು. ಬೀದಿಯವರೆಲ್ಲ ಅದನ್ನು ನೋಡಿ ಹೆದರಿದರೆ ನನಗೆ ಮಾತ್ರ ಹಬೆಯಾಡುವ ಕಾಫಿ ಕಂಡಷ್ಟು ಸಂತೋಷವಾಯಿತು.

ಭಯವನ್ನು ಮಾರುವುದಕ್ಕೂ ಒಂದು ಕ್ರಮವಿದೆ. ಅದನ್ನು ಸಮಾಧಾನದ ದನಿಯಲ್ಲಿ ಮಾರಬೇಕು. 'ನಿಮ್ಮ ಬೆನ್ನಿಗೆ ಏನೂ ಆಗಲ್ಲ ಬಿಡಿ' ಎಂದರೆ ಸಾಕು, ಗಿರಾಕಿಯ ಬೆನ್ನು ಅಲ್ಲೇ ನೋಯಲು ಶುರುವಾಗುತ್ತದೆ.

"ಅತ್ತೆ, ಆ ಟವರ್ ನೋಡಿ ನೀವೇನೂ ತಲೆ ಕೆಡಿಸ್ಕೋಬೇಡಿ" ಎಂದೆ.

"ಯಾವ ಟವರ್?"

"ಅದೇ, ನಿಮ್ಮ ಕಿಟಕಿಗೆ ನೇರ ಇರೋದು. ಅದರಿಂದ ಅಲೆ ಬರುತ್ತಂತೆ, ತಲೆದಿಂಬಿಗೇ ಬಂದು ಬಡಿಯುತ್ತಂತೆ. ನಾನಂತೂ ನಂಬಲ್ಲ. ಆದ್ರೂ ವಯಸ್ಸಾದ ಜೀವ ನೋಡಿ. ನಿಮ್ಮ ಮಗನ ಮನೆ ಕಡೆ ಈ ಕಾಟವೇ ಇಲ್ಲ, ಪುಣ್ಯವಂತ."

ನನ್ನ ಭಾಮೈದನ ಮನೆ ಊರಾಚೆ, ಗುಡ್ಡದ ಹಿಂದೆ. ಅಲ್ಲಿ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಮೂಡಿದರೆ ಮನೆಮಂದಿಯೆಲ್ಲ ಬಂದು ನೋಡುತ್ತಾರೆ.

"ಅಮ್ಮನ್ನ ಯಾಕ್ರೀ ಹೆದರಿಸ್ತೀರಿ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು.

"ಹೆದರಿಸ್ತಿಲ್ಲ ಕಣೇ, ಧೈರ್ಯ ಹೇಳ್ತಿದೀನಿ."

"ನೀವು ಧೈರ್ಯ ಹೇಳಿದಾಗೆಲ್ಲ ದಿಂಬು ಕೊಳ್ಳೋಕೆ ಬಂದವರು ಮಂಚ ಹೊತ್ಕೊಂಡು ಹೋಗಿದಾರೆ."

ನಾನು ಮರೆತದ್ದು ಒಂದೇ ಸಂಗತಿ. ಅತ್ತೆ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು.

"ಎಷ್ಟು ಬರುತ್ತೆ?" ಎಂದರು.

"ಏನು?"

"ಅಲೆ. ಎಷ್ಟು ಬರಬಹುದು ಅಂತ ಮಿತಿ ಇರುತ್ತಲ್ಲ, ಅದೆಷ್ಟು? ಈಗ ಬರ್ತಿರೋದೆಷ್ಟು? ಎರಡು ಅಂಕಿ ಹೇಳಿ ಅಳಿಯಂದ್ರೇ. ಅಂಕಿ ಇಲ್ದಿದ್ರೆ ಅದು ಬರೀ ಗಾಳಿಮಾತು."

ನನ್ನ ಬಳಿ ಒಂದಂಕಿಯೂ ಇರಲಿಲ್ಲ. ಅತ್ತೆ ಅಂದೇ ಸಂಜೆ ಅಂಚು ಬಿಟ್ಟು, ಗೆರೆ ಎಳೆದು, ಅಲೆಗಳನ್ನು ಅಳೆಯುವ ಕಚೇರಿಗೆ ಎರಡು ಪುಟದ ಅರ್ಜಿ ಬರೆದರು. ಅದನ್ನು ಅಂಚೆಗೆ ಹಾಕಿದವನು ನಾನೇ, ಅದೂ ಶಿಳ್ಳೆ ಹಾಕುತ್ತ. ಅಷ್ಟೆತ್ತರದ ಟವರಿನಿಂದ ಸಣ್ಣ ಅಂಕಿ ಬರುವುದುಂಟೇ?

ಒಂಬತ್ತನೆಯ ದಿನ ಉತ್ತರ ಬಂತು. ಶನಿವಾರ ಹನ್ನೊಂದಕ್ಕೆ ಅಳೆಯುವವರು ಬರುತ್ತಾರೆ. ಜೊತೆಗಿದ್ದ ಹಾಳೆಯಲ್ಲಿ ಮಿತಿಯ ವಿವರವಿತ್ತು. ಅಲೆಗಳಿಂದ ಮೈ ಬಿಸಿಯಾಗಿ ತೊಂದರೆ ಶುರುವಾಗಬಹುದಾದ ಮಟ್ಟವನ್ನು ಮೊದಲು ಕಂಡುಹಿಡಿದು, ಅದರ ಐವತ್ತರಲ್ಲಿ ಒಂದು ಪಾಲನ್ನು ಜನಸಾಮಾನ್ಯರಿಗೆ ಮಿತಿ ಎಂದು ಗೊತ್ತುಮಾಡಿದ್ದಾರಂತೆ. ಅಷ್ಟಾದ ಮೇಲೂ ಮನೆಗಳ ಹತ್ತಿರ ಸಾಮಾನ್ಯವಾಗಿ ಆ ಮಿತಿಯ ಒಂದು ಸಣ್ಣ ಚೂರಷ್ಟೇ ಇರುತ್ತದಂತೆ. ಓದಿದ ಮೇಲೆ ನನ್ನ ಶಿಳ್ಳೆ ನಿಂತಿತು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಾನೂ ಅಂತರ ಇಟ್ಟುಕೊಳ್ಳುವವನೇ, ಆದರೆ ಐವತ್ತು ಪಟ್ಟು ಇಡುವ ಎದೆಗಾರಿಕೆ ನನಗಿನ್ನೂ ಬಂದಿಲ್ಲ. (ಅಲೆಗಳಿಗೆ ಇಷ್ಟು ಮುತುವರ್ಜಿಯಿಂದ ಮಿತಿ ಹಾಕಿದ ಪಂಡಿತೋತ್ತಮರು, ನಾಲ್ಕು ದಿನಕ್ಕೆಂದು ಬಂದ ಅತ್ತೆಯಂದಿರ ವಿಷಯದಲ್ಲಿ ಒಂದು ಸಾಲೂ ಬರೆದಿರಲಿಲ್ಲ.)

ಅಂಕಿ ಸಣ್ಣದಾಗಿ ಬಂದರೆ ಅತ್ತೆ ಖಾಯಂ. ಅಂಕಿಯನ್ನು ಹಿಗ್ಗಿಸದೆ ಬೇರೆ ದಾರಿಯಿರಲಿಲ್ಲ.

ಶನಿವಾರ ಹತ್ತೂವರೆಗೆ, ಅತ್ತೆ ಸ್ನಾನಕ್ಕೆ ಹೋದಾಗ, ನನ್ನ ಮೊಬೈಲಿನಿಂದ ಅಂಗಡಿಗೆ ಫೋನ್ ಮಾಡಿ ಗುಮಾಸ್ತನಿಗೆ, "ಫೋನ್ ಇಡಬೇಡ, ಮಾತೂ ಆಡಬೇಡ, ಸುಮ್ನೆ ಕಿವಿಗೆ ಹಿಡ್ಕೊಂಡಿರು" ಎಂದೆ. ಕಾರಣವನ್ನೂ ಹೇಳಬೇಕಾಯಿತು. ಆಮೇಲೆ ಅತ್ತೆಯ ಹಾಸಿಗೆಯ ಗವಸಿನ ಜಿಪ್ ಎಳೆದೆ. ನನ್ನದೇ ಅಂಗಡಿಯ ಮೊದಲ ದರ್ಜೆಯ ಸ್ಪ್ರಿಂಗ್ ಹಾಸಿಗೆ, ಒಳಗಿನ ಸಂದುಗೊಂದು ನನಗೆ ಕರತಲಾಮಲಕ. ತಲೆಯ ಕಡೆ, ಎರಡು ಸಾಲು ಸ್ಪ್ರಿಂಗಿನ ನಡುವೆ, ಫೋನನ್ನು ಪ್ರತಿಷ್ಠಾಪಿಸಿದೆ.

ಅಳೆಯುವವರು ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ತುದಿಗೆ ಚೆಂಡು ಸಿಕ್ಕಿಸಿದ ಕೋಲಿನಂಥ ಯಂತ್ರ. ಅತ್ತೆ ನೋಟುಪುಸ್ತಕ ಹಿಡಿದು ಅವರ ಹಿಂದೆಯೇ ನಡೆದರು.

"ಮಿತೀನ ನೂರು ಅಂತ ಇಟ್ಕೊಳ್ಳಿ ಮೇಡಂ. ತಾರಸಿ ಮೇಲೆ ಎರಡು ಇದೆ. ನಡುಮನೇಲಿ ಅರ್ಧ. ಅಡುಗೆಮನೇಲಿ ಅದೂ ಇಲ್ಲ. ಈ ಕಿಟಕಿ ಹತ್ರ ಒಂದು."

"ನೂರಕ್ಕೆ ಒಂದು" ಎಂದು ಬರೆದುಕೊಂಡ ಅತ್ತೆ, ಹಿಂದಿನ ಬೆಂಚಿನ ಹುಡುಗನನ್ನು ನೋಡುವಂತೆ ನನ್ನತ್ತ ನೋಡಿದರು.

"ಮಂಚದ ಹತ್ರಾನೂ ನೋಡಿಬಿಡಿ" ಎಂದೆ ನಾನು, ಆದಷ್ಟು ಅನಾಸಕ್ತಿಯಿಂದ.

ಕೋಲು ತಲೆದಿಂಬಿನ ಹತ್ತಿರ ಬಂತು. ಯಂತ್ರ ಕೀಂ ಎಂದಿತು.

"ಹದಿನಾಲ್ಕು" ಎಂದರು ಅವರು. ಹುಬ್ಬು ಗಂಟಿಕ್ಕಿತು. "ಇದು ವಿಚಿತ್ರ."

"ವಿಚಿತ್ರ ಏನು ಬಂತು, ಟವರ್ ಎದುರಿಗೇ ಇದೆಯಲ್ಲ" ಎಂದೆ. "ಅತ್ತೆ, ಇನ್ನು ತಡ ಮಾಡೋದು ಬೇಡ. ಪೆಟ್ಟಿಗೆ ಇಳಿಸ್ಲಾ?"

"ಟವರಿಂದ ಬಂದ್ರೆ ಕಿಟಕಿ ಹತ್ರ ಜಾಸ್ತಿ, ಒಳಗೆ ಬಂದ ಹಾಗೆ ಕಡಿಮೆ ಆಗ್ಬೇಕಲ್ಲ" ಎಂದರು ಅತ್ತೆ. "ಇದು ತಿರುಗುಮುರುಗು ಇದೆ."

"ಸರಿಯಾಗಿ ಹೇಳಿದ್ರಿ ಮೇಡಂ" ಎಂದ ಆ ಮನುಷ್ಯ ಕೋಲನ್ನು ಹಾಸಿಗೆಯ ಮೇಲೆ ಅತ್ತಿತ್ತ ಆಡಿಸಿ, ವರದಿಯ ಹಾಳೆ ತೆಗೆದು, ಬರೆಯುತ್ತಲೇ ಓದಿದರು. "ಮೂಲ: ಹಾಸಿಗೆ. ಇದನ್ನ ಎಲ್ಲಿ ತಗೊಂಡ್ರಿ?"

"ನಮ್ಮ ಅಂಗಡೀದೇ" ಎಂದಳು ಹೆಂಡತಿ. "ಹೋದ ತಿಂಗಳು ಇದೇ ಮಾಲನ್ನ ಇವ್ರು ಒಂದು ಹಾಸ್ಟೆಲಿಗೆ ಪೂರ್ತಿ ಹಾಕಿದಾರೆ."

"ಹಾಗಾದ್ರೆ ಅಲ್ಲಿಗೂ ಹೋಗ್ಬೇಕಾಗುತ್ತೆ. ವರದೀನ ಕಚೇರಿ ಮುಂದಿನ ಫಲಕಕ್ಕೂ ಅಂಟಿಸ್ತೀವಿ, ಅಂಗಡಿ ಹೆಸರೇನು?"

ಅಲೆ ಸೂಸುವ ಹಾಸಿಗೆ. ಇಪ್ಪತ್ತೆರಡು ವರ್ಷದ ವ್ಯಾಪಾರ ಕಣ್ಣೆದುರೇ ನೆಲಕಚ್ಚುವುದನ್ನು ಕಂಡೆ. ಒಂದು ಕಡೆ ಅಂಗಡಿಯ ಮಾನ, ಇನ್ನೊಂದು ಕಡೆ ನನ್ನದು. ಅಂಗಡಿಗೆ ಗಿರಾಕಿಗಳಾದರೂ ಇದ್ದಾರೆ.

"ಆ ಸಾಲು ಹೊಡೆದುಹಾಕಿ" ಎಂದೆ. "ಹಾಸಿಗೇಲಿ ದೋಷ ಇಲ್ಲ. ಮಾರಿದವನಲ್ಲಿದೆ."

ಜಿಪ್ ಎಳೆದು, ಮೊಣಕೈವರೆಗೆ ಕೈ ತೂರಿಸಿ ಫೋನನ್ನು ಹೊರತೆಗೆದೆ. ಬೆಚ್ಚಗಾಗಿತ್ತು. ನನ್ನ ಗುಮಾಸ್ತ ಹತ್ತಿ ಬಿಡಿಸುವ ಯಂತ್ರದ ಸದ್ದಿನ ಮೇಲೆ ಮಾತಾಡಿ ಬೆಳೆದವನು. ಸ್ಪೀಕರಿನ ಹಂಗಿಲ್ಲದೆ ಅವನ ದನಿ ಕೋಣೆಯನ್ನೆಲ್ಲ ತುಂಬಿತು.

"ಯಜಮಾನ್ರೇ, ಕೈ ನೋಯ್ತಿದೆ. ಮುಗೀತಾ? ಅತ್ತೆಯವರು ಹೊರಟ್ರಾ?"

ಅತ್ತೆ ಕೈಚಾಚಿ ಫೋನ್ ತೆಗೆದುಕೊಂಡು, "ಇನ್ನೂ ಇಲ್ಲಪ್ಪ" ಎಂದರು.

ಹೆಂಡತಿ ಗವಸಿನ ಜಿಪ್ಪನ್ನು ಸರ್ರನೆ ಎಳೆದು ಮುಚ್ಚಿದಳು. ಮಾತು ಸಂಜೆಗೆ ಎತ್ತಿಟ್ಟ ಬಾಬ್ತು ಎಂದು ನನಗೆ ಗೊತ್ತಿತ್ತು.

ಅಳೆಯುವವರು ನಗು ತಡೆದುಕೊಂಡು, ಕರೆ ಕತ್ತರಿಸದೆ, ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮತ್ತೆ ಅಳೆದರು. ಮೂರು.

"ನೋಡಿ ಮೇಡಂ, ಹದಿನಾಲ್ಕೂ ಮಿತಿಯೊಳಗೇ, ಹೆದರೋದೇನಿಲ್ಲ. ಪಾಪ ಫೋನು, ಸುತ್ತ ಉಕ್ಕಿನ ಸ್ಪ್ರಿಂಗು, ಟವರಿಗೆ ಕೇಳಿಸ್ಲಿ ಅಂತ ಒಳಗೆ ಕೂತು ಬಾಯಿ ಬಡ್ಕೊಳ್ತಿತ್ತು. ಟವರ್ ಹತ್ರ ಇದ್ರೆ ಫೋನು ಪಿಸುಗುಟ್ಟುತ್ತೆ. ದೂರ ಇದ್ರೆ ಕಿರುಚುತ್ತೆ. ಅಷ್ಟೇ."

ಅತ್ತೆಯ ಪೆನ್ಸಿಲ್ ನಿಂತಿತು. ಆ ಮುಖಭಾವವನ್ನು ನಾನು ಬಲ್ಲೆ. ಎರಡು ಹಾಸಿಗೆಗಳ ದರ ಹೋಲಿಸುವ ಗಿರಾಕಿಯ ಮುಖ ಅದು.

"ನನ್ನ ಮಗನ ಮನೇಲಿ ಒಂದೇ ಕಡ್ಡಿ ಸಿಗ್ನಲ್ಲು. ನಾನು ದಿನಕ್ಕೆ ಎರಡು ಗಂಟೆ ತಂಗಿ ಜೊತೆ ಫೋನಲ್ಲಿ ಮಾತಾಡೋಳು. ಅಂದ್ರೆ ನನ್ನಂಥವಳಿಗೆ ಟವರ್ ಎದುರಿಗಿರೋ ಈ ಮನೇನೇ ಮೇಲು, ಅಲ್ವಾ?"

"ಲೆಕ್ಕ ಸರಿ ಇದೆ ಮೇಡಂ."

"ಅಳಿಯಂದ್ರು ನನ್ನ ಆರೋಗ್ಯದ ಬಗ್ಗೆ ಇಷ್ಟು ಕಾಳಜಿ ತಗೊಂಡಿದಾರೆ. ಬೇಡ ಅನ್ನೋಕೆ ಮನಸ್ಸು ಬರಲ್ಲ. ಇಲ್ಲೇ ಇರ್ತೀನಿ." ನೋಟುಪುಸ್ತಕದ ಹಾಳೆ ತಿರುವಿ, "ಅಂದ ಹಾಗೆ, ತಂಗಿಯೇ ಇಲ್ಲಿಗೆ ಬಂದುಬಿಟ್ರೆ?" ಎಂದರು.

"ಆಗ ಫೋನೇ ಬೇಡ. ಸೊನ್ನೆ" ಎಂದ ಆ ಪುಣ್ಯಾತ್ಮ, ಅದನ್ನೂ ಹಾಳೆಯ ಕೆಳಗೆ ಬರೆದುಕೊಟ್ಟು ಹೋದ.

ಸೊನ್ನೆ ಬುಧವಾರ ಮೂರು ಪೆಟ್ಟಿಗೆಗಳೊಂದಿಗೆ ಬಂದಿಳಿಯಿತು. ಸಾಮಾನಿನ ಕೋಣೆಯ ಮಡಚುವ ಮಂಚ ಈಗ ಚಿಕ್ಕತ್ತೆಯದು. ನನ್ನ ಪಾಲಿಗೆ ಉಳಿದದ್ದು ನಡುಮನೆಯ ಬೆಂಚು, ಬೆನ್ನಿಗೆ ಬೇಕಾದಷ್ಟು ನೇರವಾಗಿದೆ.

ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಗಾಜಿನ ಹಿಂದೆ, ಪ್ರದರ್ಶನಕ್ಕಿಟ್ಟ ಹಾಸಿಗೆಯ ಮೇಲೆಯೇ ಒಂದು ಗಂಟೆ ಮಲಗಿಬಿಡುತ್ತೇನೆ. ಬೀದಿಯಲ್ಲಿ ಹೋಗುವವರು ನಿಂತು, ಮಾಲೀಕನೇ ಮೈಮರೆತು ಮಲಗಿದ್ದಾನೆಂದರೆ ಮಾಲು ಚೆನ್ನಾಗಿಯೇ ಇರಬೇಕು ಎಂದುಕೊಂಡು ಒಳಗೆ ಬರುತ್ತಾರೆ. ಗುಮಾಸ್ತ ಎಬ್ಬಿಸುತ್ತಾನೆ. ಎಬ್ಬಿಸುವಾಗ ಇಡೀ ಬೀದಿಗೆ ಕೇಳುವಂತೆ ಕೇಳುವುದು ಅದೊಂದೇ ಪ್ರಶ್ನೆ.

"ಯಜಮಾನ್ರೇ, ಅತ್ತೆಯವರು ಹೊರಟ್ರಾ?"

"ಇನ್ನೂ ಇಲ್ಲಪ್ಪ" ಎನ್ನುತ್ತೇನೆ.